ಬಾಯಾರಿದ ದೋಣಿ

ನೀರು ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೆ ಎಲ್ಲರೂ ಕೈ ತೊಳೆದು ಬರುತ್ತಿದ್ದರು, ಅವನು ಮಾತ್ರ ಕೈ ತೊಳೆಯಲು ಹೋದವನು ನಲ್ಲಿ ಬಿಚ್ಚಿಟ್ಟುಕೊಂಡು ಅಲ್ಲೇ ಉಳಿದುಬಿಡುತ್ತಿದ್ದ. ಸಿನಿಮಾಕ್ಕೆ ಹೋದರೆ ಮಧ್ಯಂತರದಲ್ಲಿ ಎದ್ದು ಹೋದವನು ಕ್ಲೈಮ್ಯಾಕ್ಸಿಗೂ ವಾಪಸಾಗುತ್ತಿರಲಿಲ್ಲ. ಊರಿನ ಪೈಪುಗಳ ಒಳಗುಟ್ಟನ್ನೆಲ್ಲ ಬಲ್ಲ ಪ್ಲಂಬರ್ ಅವನು. ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ನಲ್ಲಿಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಅತ್ತೆ ತೀರಿಕೊಂಡ ದಿನವೂ ಅಷ್ಟೇ. ಅವನ ಹೆಂಡತಿ ತಾಯಿಯ ಕೈ ಹಿಡಿದು ಮಂಚದ ಪಕ್ಕ ಕೂತಿದ್ದಳು. ಇವನು ಬಾಗಿಲ ಹತ್ತಿರ ನಿಂತಿದ್ದವನು ಇದ್ದಕ್ಕಿದ್ದಂತೆ, "ಬಚ್ಚಲ ನಲ್ಲಿ ಸೋರ್ತಿದೆ," ಎಂದು ಹೇಳಿ ಚೀಲ ಎತ್ತಿಕೊಂಡು ಹೋದ. ಹೊಸ ವಾಷರ್ ಹಾಕಿ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಂಡತಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರೆತಿದ್ದಾಳೆ ಎಂದು ಅವನು ನಂಬಿದ. ಗಂಡಸರು ಇಂಥ ನಂಬಿಕೆಗಳ ಮೇಲೇ ಸಂಸಾರ ನಡೆಸುತ್ತಾರೆ.

ಇಂಥವನು ಹೋಗಿ ಹೋಗಿ ಒಂದು ಹಳೆಯ ಹಾಯಿದೋಣಿ ಕೊಂಡ.

ಸಮುದ್ರದ ಅಂಚಿನ ದೋಣಿಕಟ್ಟೆಯಲ್ಲಿ, ಎಂದರೆ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಅಂಗಳದಲ್ಲಿ, ಶೌಚಾಲಯದ ಟ್ಯಾಂಕ್ ಕೆಟ್ಟಿದೆಯೆಂದು ಅವನನ್ನು ಕರೆಸಿದ್ದರು. ಕೆಲಸ ಮುಗಿಸಿ ಹೊರಡುವಾಗ ಟಾರ್ಪಾಲಿನ ಕೆಳಗೆ ಊರುಗೋಲುಗಳ ಮೇಲೆ ನಿಂತಿದ್ದ ಮರದ ದೋಣಿ ಕಣ್ಣಿಗೆ ಬಿತ್ತು. ಅದರ ಒಡೆಯರಾದ ಭೂಗೋಳದ ಮೇಷ್ಟರು ಮಂಡಿನೋವಿನಿಂದ ಏಣಿ ಹತ್ತಲಾರದೆ ಅದನ್ನು ಮಾರಲು ಹೊರಟಿದ್ದರು. ಒಳಗೆ ಮಲಗಲು ಎರಡು ಮಂಚ, ಒಂದು ಪುಟ್ಟ ಒಲೆ, ತಟ್ಟೆಯಷ್ಟೇ ಅಗಲದ ಸಿಂಕು. ನಲ್ಲಿಯಣ್ಣ ನೇರವಾಗಿ ಸಿಂಕಿನ ಕೆಳಗೆ ತಲೆ ತೂರಿಸಿದ.

"ಬಂದವರೆಲ್ಲ ಹಾಯಿ ತೋರಿಸಿ ಅಂತಾರೆ. ಅಲ್ಲಿ ತಲೆ ಹಾಕಿದವರು ನೀವೊಬ್ಬರೇ," ಎಂದರು ಮೇಷ್ಟರು.

"ಯಾರೋ ಪುಣ್ಯಾತ್ಮರು ಪೈಪು ಹಾಕಿದ್ದಾರೆ ಸಾರ್. ಇಷ್ಟು ವರ್ಷ ಆದ್ರೂ ಒಂದು ಜಾಯಿಂಟೂ ಕದಲಿಲ್ಲ."

"ನಾನೇ ಹಾಕಿದ್ದು," ಎಂದರು ಮೇಷ್ಟರು. ಅಲ್ಲಿಗೆ ವ್ಯಾಪಾರ ಕುದುರಿತು.

ಹೆಂಡತಿ ಮನೆಮನೆಗೆ ಕಿಟಕಿ ಪರದೆ ಹೊಲಿದುಕೊಡುವವಳು. ಸುದ್ದಿ ಕೇಳಿ ಹೊಲಿಗೆ ಮಷೀನಿನ ಚಕ್ರ ನಿಲ್ಲಿಸಿ, "ಊರಲ್ಲಿ ಸೋರೋ ಮನೆಗಳು ಸಾಲದು ಅಂತ ಸೋರೋ ದೋಣೀನೂ ತಂದ್ರಾ?" ಎಂದಳು. ಆದರೂ ನೋಡಲು ಬಂದಳು. ಏಣಿ ಹತ್ತಿ ಒಳಗಿಳಿದು, ಮಂಚದ ಮೇಲೆ ಕಾಲು ಚಾಚಿ, ದುಂಡು ಕಿಟಕಿಯಿಂದ ಹೊರಗೆ ನೋಡಿದಳು. ಕೊಲ್ಲಿಯ ಆಚೆ ದಡದಲ್ಲಿ ಅವಳ ತಂಗಿಯ ಊರು. ಬಸ್ಸಿನಲ್ಲಿ ಸುತ್ತಿ ಬಳಸಿ ಹೋಗುವುದೆಂದರೆ ಇಡೀ ಹಗಲು ಕಳೆದುಹೋಗುತ್ತಿತ್ತು.

"ಸೀದಾ ಅವಳ ಮನೆ ಹಿಂದೇನೇ ಹೋಗಿ ಇಳಿಯೋಣ ರೀ. ಬಾಯಿ ಬಿಟ್ಕೊಂಡು ನೋಡ್ಲಿ," ಎಂದಳು. ಅಂದಿನಿಂದ ದೋಣಿ ಇಬ್ಬರದೂ ಆಯಿತು.

ಹಳೆಯ ದೋಣಿ ಎಂಥದ್ದೆಂದು ಸಾಕಿದವರಿಗೇ ಗೊತ್ತು. ಒಂದು ತುಕ್ಕು ಮೊಳೆ ಕೀಳಲು ಹೋದರೆ ಅದರ ಹಿಂದಿನ ಹಲಗೆ ಮೆತ್ತಗಿರುತ್ತದೆ. ಆ ಹಲಗೆ ಬಿಚ್ಚಿದರೆ ಪಕ್ಕದ್ದು, ನನ್ನ ಗತಿಯೇನು ಎಂದು ಕೇಳುತ್ತದೆ. ನಲ್ಲಿಯಣ್ಣ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದ. ಬಣ್ಣ ಕೆರೆದ, ಮರ ಉಜ್ಜಿದ, ವಾರ್ನಿಷ್ ಬಳಿದ. ಹೆಂಡತಿ ಹಾಯಿಗಳನ್ನು ಮನೆಗೆ ತಂದು ಹರಿದಲ್ಲೆಲ್ಲ ತೇಪೆ ಹಾಕಿದಳು. ದೊಡ್ಡ ಹಾಯಿ ನಡುಮನೆ ತುಂಬಿಕೊಂಡು, ಅಡುಗೆಮನೆಗೆ ಹೋಗಬೇಕಾದರೆ ಅದರ ಕೆಳಗೆ ನುಸುಳಬೇಕಾಗಿತ್ತು.

ಎಡವಟ್ಟಾಗಿದ್ದು ಹಲಗೆಗಳ ಸಂದಿನಲ್ಲಿ. ದೋಣಿ ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಮರ ಒಣಗಿ, ಹಲಗೆ ಹಲಗೆಯ ನಡುವೆ ಉಗುರು ತೂರುವಷ್ಟು ಬಿರುಕು ಬಿಟ್ಟಿತ್ತು. ಅಂಗಳದ ಹಿರಿಯ ಬಡಗಿ, ಎಲ್ಲರೂ ಹಲಗೆತಾತ ಎನ್ನುತ್ತಿದ್ದವನು, ಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದ. ಅವನು ಬರುವವರೆಗೆ ಕಾಯುವ ಜಾಯಮಾನ ನಲ್ಲಿಯಣ್ಣನದಲ್ಲ. ಪೈಪಿನ ಬಿರುಕಿಗೆ ಮೆತ್ತುವ ಎಪಾಕ್ಸಿ ಅಂಟನ್ನೇ ಸಂದುಗಳಿಗೆಲ್ಲ ತುಂಬಿದ. ಕಲ್ಲಿನಂತೆ ಗಟ್ಟಿಯಾಯಿತು. ನೀರಿಗಿಳಿಸಿದರೆ ಒಳಗೆ ಒಂದು ಹನಿಯೂ ಇಲ್ಲ! ಅವನು ಕಂಡಕಂಡವರನ್ನೆಲ್ಲ ಕರೆದು ದೋಣಿಯ ತಳ ಮುಟ್ಟಿಸಿ ತೋರಿಸಿದ.

ಆದರೆ ನೀರಿಗೆ ಬಿದ್ದ ಮರ ಉಬ್ಬದೆ ಬಿಡುತ್ತದೆಯೇ? ಹಲಗೆಗಳು ಉಬ್ಬಿದವು, ಸಂದಿನಲ್ಲಿ ಜಾಗವಿಲ್ಲದೆ ಒಂದನ್ನೊಂದು ನೂಕಿದವು. ಒಂದು ಬೆಳಿಗ್ಗೆ ಇವರಿಬ್ಬರೂ ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾಗ ಲಟ್ಟೆಂದು ಸದ್ದಾಯಿತು. ಹಲಗೆಗಳನ್ನು ಹಿಡಿದಿದ್ದ ಪಕ್ಕೆಲುಬಿನಂಥ ಅಡ್ಡಮರವೇ ಮುರಿದಿತ್ತು. ನೀರು ನುಗ್ಗಿತು. ದೋಣಿ ಮುಳುಗದೆ ದಡ ಸೇರಿದ್ದೇ ಪುಣ್ಯ.

ವಾಪಸು ಬಂದ ಹಲಗೆತಾತ ಅದನ್ನು ನೋಡಿ ಹಣೆ ಚಚ್ಚಿಕೊಂಡ. "ಇದೇನು ನಿನ್ನ ಪೈಪು ಅಂದ್ಕೊಂಡ್ಯೇನಯ್ಯಾ? ಮರ ಇದು. ಒಣಗುತ್ತೆ, ಉಬ್ಬುತ್ತೆ. ಅದಕ್ಕೆ ಜಾಗ ಬಿಡ್ಬೇಕು. ಮಾಡಿದ್ದುಣ್ಣೋ ಮಹಾರಾಯ!"

ಉಂಡ. ಇಡೀ ವರ್ಷ ಎಪಾಕ್ಸಿಯನ್ನು ಉಳಿಯಿಂದ ಕೆತ್ತಿ ತೆಗೆದ. ತಾತ ಅಡ್ಡಮರ ಬದಲಿಸಿದ. ಇಬ್ಬರೂ ಸೇರಿ ಸಂದುಗಳಿಗೆ ಹತ್ತಿಯ ಎಳೆ ತುರುಕಿ, ಮೇಲೆ ಮೆತ್ತನೆಯ ಪುಟ್ಟಿ ಹಚ್ಚಿದರು. ಈ ನಡುವೆ ಅಂಗಳದವರ ತಾಳ್ಮೆ ತೀರಿತ್ತು. ಹೆದ್ದಾರಿ ಪಕ್ಕದ ಹೋಟೆಲಿನ ಸಾಹುಕಾರ ಬಂದು, ದೋಣಿಯನ್ನು ತನಗೆ ಕೊಟ್ಟರೆ ಹೋಟೆಲಿನ ಮುಂದೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ ಹೂಗಿಡ ನೆಡುತ್ತೇನೆ ಎಂದಿದ್ದ. ಸೋತು ಸುಣ್ಣವಾಗಿದ್ದ ನಲ್ಲಿಯಣ್ಣ ಮಾತು ಕೊಟ್ಟುಬಿಟ್ಟಿದ್ದ: "ಈ ಸಲವೂ ನೀರು ನಿಲ್ಲದಿದ್ರೆ ನೀವೇ ತಗೊಂಡು ಹೋಗಿ."

ಹೂಕುಂಡವಾಗುವ ದೋಣಿ! ಅದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಎರಡನೆಯ ಸಲ ದೋಣಿಯನ್ನು ನೀರಿಗಿಳಿಸಿದರು. ಮುಳುಗದಂತೆ ಕ್ರೇನಿನ ಪಟ್ಟಿಗಳಲ್ಲೇ ತೂಗಿ ಬಿಟ್ಟರು. ಮರುದಿನ ಮಧ್ಯಾಹ್ನ ಕ್ರೇನ್ ಬೇರೆ ದೋಣಿಗೆ ಬೇಕಾಗಿತ್ತು. ಅಷ್ಟರೊಳಗೆ ಸೋರಿಕೆ ನಿಂತರೆ ಪಟ್ಟಿ ಬಿಚ್ಚುವುದು. ನಿಲ್ಲದಿದ್ದರೆ ಮೇಲಕ್ಕೆತ್ತಿ ನೇರ ಸಾಹುಕಾರನ ಲಾರಿಗೆ.

ನೀರು ಒಂದು ಕಡೆಯಿಂದಲ್ಲ, ಎಲ್ಲ ಸಂದುಗಳಿಂದಲೂ ಜಿನುಗಿತು. ನಲ್ಲಿಯಣ್ಣನ ಕೈ ಚೀಲಕ್ಕೆ ಹೋಯಿತು.

"ಕುಡೀಲಿ ಬಿಡು," ಎಂದ ತಾತ. "ಬಾಯಾರಿದೆ ಪಾಪ. ಹೊಟ್ಟೆ ತುಂಬಿದ್ಮೇಲೆ ತಾನೇ ಬಾಯಿ ಮುಚ್ಚುತ್ತೆ. ನೀನು ಪಂಪು ಓಡಿಸ್ತಾ ಇರು, ಸಂದಿಗೆ ಮಾತ್ರ ಕೈ ಹಚ್ಚಬೇಡ. ತಾಳಿದವನು ಬಾಳಿಯಾನು."

ಬೆಳಗಾದರೂ ದೋಣಿ ಕುಡಿಯುತ್ತಲೇ ಇತ್ತು. ಪಂಪು, ನಲ್ಲಿಯಣ್ಣನ ಅಂಗಡಿಯದೇ, ಕಾಲಕೆಳಗೆ ಗುಂಯ್‌ಗುಡುತ್ತಿತ್ತು. ಹೆಂಡತಿ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಒಳಗಿಳಿದಾಗ ಅವನು ಚೀಲದಿಂದ ಎಪಾಕ್ಸಿ ತೆಗೆದು ಬೆರಳಲ್ಲಿ ನಾದುತ್ತಿದ್ದ.

"ಮತ್ತೆ ಶುರುವಾಯ್ತಾ?" ಎಂದಳು.

"ಒಂದೇ ಒಂದು ಕಡೆ ಕಣೇ. ಇಲ್ಲಿ ಜಾಸ್ತಿ ಬರ್ತಿದೆ."

ಅವಳು ಎಪಾಕ್ಸಿ ಕಿತ್ತುಕೊಂಡು ಕಿಟಕಿಯಿಂದ ಹೊರಗೆಸೆದಳು. ಚೀಲವನ್ನು ಎಳೆದು ತನ್ನ ಮಂಚದ ಮೇಲಿಟ್ಟು ಅದರ ಮೇಲೇ ಕೂತಳು. ಸ್ಪ್ಯಾನರುಗಳು ಚುಚ್ಚಿದರೂ ಅಲ್ಲಾಡಲಿಲ್ಲ. ಅವನು ಎದುರಿನ ಮಂಚದಲ್ಲಿ ಕೂತ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಇಬ್ಬರ ಮಂಡಿಯ ನಡುವೆ ಒಂದು ಗೇಣು ಜಾಗ, ಕೆಳಗೆ ನೀರು.

ಫ್ಲಾಸ್ಕನ್ನು ಪಕ್ಕಕ್ಕಿಟ್ಟು ಅವಳೇ ಅಂದಳು: "ಅಮ್ಮ ಹೋದ ದಿನ ಬಚ್ಚಲ ನಲ್ಲಿ ಸೋರ್ತಿರ್ಲಿಲ್ಲ."

ಅವನ ಮುಖ ಹುಳ್ಳಗಾಯಿತು.

"ನಂಗೆ ಗೊತ್ತು ರೀ. ಸ್ವಲ್ಪ ಹೊತ್ತಿಗೆ ಮುಂಚೆ ಅಮ್ಮನ ಬಟ್ಟೆ ಒಗೆದು ನಾನೇ ನಿಲ್ಲಿಸಿ ಬಂದಿದ್ದೆ. ಚೆನ್ನಾಗಿದ್ದ ನಲ್ಲೀನ ಬಿಚ್ಚಿಟ್ಟುಕೊಂಡು ಕೂತಿದ್ರಿ."

ಸುಳ್ಳು ಹೇಳಲು ಬಾಯಿ ತೆರೆದ. ಆಗಲಿಲ್ಲ. "ನೀನು ಅಳ್ತಿದ್ದೆ," ಎಂದ. "ಅದನ್ನ ನಿಲ್ಲಿಸೋದು ಹೇಗೆ ಅಂತ ನಂಗೆ ಗೊತ್ತಾಗ್ಲಿಲ್ಲ."

"ನಿಲ್ಲಿಸಿ ಅಂತ ಯಾರು ಕೇಳಿದ್ರು? ಪಕ್ಕದಲ್ಲಿ ಇದ್ದಿದ್ರೆ ಸಾಕಾಗಿತ್ತು."

ಅಷ್ಟು ಹೇಳುವಾಗ ಅವಳ ದನಿ ಒಡೆಯಿತು. ಸೆರಗಿಗೂ ಕೈ ಹಾಕದೆ, ಮುಖ ಮುಚ್ಚಿಕೊಳ್ಳದೆ, ಅವಳು ಅತ್ತಳು. ಅವನ ಕೈ ಅಭ್ಯಾಸಬಲದಿಂದ ಚೀಲ ಹುಡುಕಿತು. ಚೀಲ ಅವಳ ಕೆಳಗಿತ್ತು. ಅಳಬೇಡ ಎನ್ನಲು ಹೊರಟವನು ಅದನ್ನೂ ನುಂಗಿಕೊಂಡು, ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತ. ಅವಳು ಅಳುವುದನ್ನು ನೋಡುವುದು ಅವನಿಗೆ ನಿಜಕ್ಕೂ ಕಷ್ಟವಾಯಿತು. ನೋಡಿದ.

"ಕೊನೇಲಿ ಅಮ್ಮ ಒಂದು ಮಾತಾಡಿದ್ಲು," ಎಂದಳು. "ಅದನ್ನ ತಂಗಿಗೂ ಹೇಳಿಲ್ಲ ನಾನು."

ಆಗಲೇ ಪಂಪಿನ ಸದ್ದು ಬದಲಾಯಿತು. ಗುಂಯ್‌ಗುಡುತ್ತಿದ್ದದ್ದು ಒಮ್ಮೆ ಗೊರಗೊರ ಎಂದು, ಬರಿಗಾಳಿ ಎಳೆಯತೊಡಗಿತು. ಆ ಸದ್ದಿನ ಅರ್ಥ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಳದಲ್ಲಿ ನೀರು ಮುಗಿದಿತ್ತು, ಹೊಸದಾಗಿ ಬರುತ್ತಿರಲಿಲ್ಲ. ಹಲಗೆಗಳು ಉಬ್ಬಿ ಕೂಡಿಕೊಂಡಿದ್ದವು. ದೋಣಿ ಉಳಿದಿತ್ತು. ಎರಡು ವರ್ಷ ಆ ಸದ್ದಿಗಾಗಿಯೇ ಅವನು ಜೀವ ಹಿಡಿದುಕೊಂಡಿದ್ದ. ನೀರಿಲ್ಲದೆ ಓಡಿದರೆ ಪಂಪು ಸುಟ್ಟುಹೋಗುತ್ತದೆಂಬುದೂ ಅವನಿಗೆ ಗೊತ್ತಿತ್ತು. ಸ್ವಿಚ್ಚು ಕೈಯಳತೆಯಲ್ಲಿರಲಿಲ್ಲ, ಮೇಲೆ ಹತ್ತಿ ಹೋಗಬೇಕಿತ್ತು.

ಹೆಂಡತಿ ಮೂಗೊರೆಸಿಕೊಂಡು, "ಪಂಪು ಹಾಳಾಗುತ್ತೆ ರೀ, ಹೋಗಿ," ಎಂದಳು.

"ಹಾಳಾಗ್ಲಿ ಬಿಡು. ಅಮ್ಮ ಏನಂದ್ರು, ಹೇಳು."

ಅವಳು ಅವನ ಮುಖವನ್ನೇ ನೋಡಿದಳು. "'ಅಳಿಯಂದ್ರು ಎಲ್ಲಿ' ಅಂದ್ಲು. ಬಚ್ಚಲಲ್ಲಿ ನಲ್ಲಿ ಬಿಚ್ತಿದ್ದಾರೆ ಅಂದೆ. ನಕ್ಕುಬಿಟ್ಲು ರೀ. 'ಪಾಪ, ಆ ನಲ್ಲಿ ಏನು ತಪ್ಪು ಮಾಡಿತ್ತು' ಅಂದ್ಲು. ಅಷ್ಟೇ. ಆಮೇಲೆ ಮಾತಿಲ್ಲ."

ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅವಳು ಅವನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಕಮಟು ವಾಸನೆ ಮೆಲ್ಲಗೆ ಹರಡಿತು.

"ಏನಯ್ಯಾ!" ಎಂದು ದೋಣಿಗಳು ನಿಲ್ಲುವ ಧಕ್ಕೆಯ ಮೇಲಿಂದ ಹಲಗೆತಾತ ಕೂಗಿದ. "ಪಂಪು ಒಣ ಓಡ್ತಿದೆ, ಸುಟ್ಟ ವಾಸನೆ ಬರ್ತಿದೆ! ಊರಿನ ನಲ್ಲಿ ಸದ್ದೆಲ್ಲ ಕೇಳೋನಿಗೆ ಇದು ಕೇಳಿಸ್ತಿಲ್ವಾ?"

ನಲ್ಲಿಯಣ್ಣ ಕೂತಲ್ಲೇ ಕೂತಿದ್ದ.