ಮಾಳಿಗೆಯ ಬೀಗ

ಹಗಲೆಲ್ಲ ಬಳ್ಳಾರಿಯ ಬಿಸಿಲಿಗೆ ಕಾದ ಮಾಳಿಗೆಯ ಮೇಲೆ ಸಂಜೆ ನಾಲ್ಕು ಕೊಡ ನೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಸುಟ್ಟ ಸಿಮೆಂಟು, ಧೂಳು, ಬೇವಿನೆಲೆ ಎಲ್ಲ ಕಲೆತ ವಾಸನೆ. ಈಗ ತಾನೇ ಅದು ಮೂಗಿಗೆ ಬಡಿಯಿತು. ಬಡಿದದ್ದೇ ತಡ, ನಾನು ಮನೆ ಮಾಲೀಕನಾದ ವೈಭವ ನೆನಪಾಯಿತು. ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವ ಆಸೆ ನಿಮಗೂ ಇದ್ದರೆ ಸ್ವಲ್ಪ ಕೂತು ಕೇಳಿ.

ನನ್ನ ನೌಕರಿ ಕುರುಗೋಡಿನಲ್ಲಿ. ಅಲ್ಲಿ ನಾವು ವಿರುಪಣ್ಣನವರ ಮನೆಯಲ್ಲಿ ಬಾಡಿಗೆಗಿದ್ದೇವೆ. ಹಬ್ಬಕ್ಕೆ ಹೋಳಿಗೆ ಕಳಿಸುವ ಒಳ್ಳೆಯ ಮನುಷ್ಯ. ಆದರೆ ಮಾಳಿಗೆಯ ಬಾಗಿಲಿಗೆ ಮಾತ್ರ ಬೀಗ. ಬೇಸಿಗೆಯಲ್ಲಿ ಊರಿಗೆ ಊರೇ ಮಾಳಿಗೆ ಹತ್ತಿ ಹಾಸಿಗೆ ಹಾಸಿದರೆ, ನಾನೂ ನನ್ನ ಹೆಂಡತಿಯೂ ಕೆಳಗೆ ಫ್ಯಾನಿನ ಬಿಸಿಗಾಳಿಯಲ್ಲಿ ಬೇಯಬೇಕು. ಚಾವಿ ಕೇಳಿದರೆ ಒಂದೇ ಉತ್ತರ: "ಮಂದಿ ಅಡ್ಡಾಡಿದ್ರ ಮಾಳಗಿ ಸೋರತೈತ್ರಿ."

ಆ ಸಿಟ್ಟಿಗೇ ಬಳ್ಳಾರಿಯಲ್ಲಿ, ಕಂಟೋನ್ಮೆಂಟಿನಿಂದ ಸ್ವಲ್ಪ ಆಚೆಗೆ, ಒಂದು ಮನೆ ಕೊಂಡೆವು. "ಬಾಡಿಗಿಗೆ ಕೊಡ್ರಿ, ಕುಂತು ಉಣ್ರಿ" ಎಂದಿದ್ದ ದಲ್ಲಾಳಿ. ಕೂರುವುದು ಹಾಗಿರಲಿ, ನಿಲ್ಲಲೂ ಪುರಸತ್ತು ಸಿಗಲಿಲ್ಲ. ಒಂದು ಭಾನುವಾರ ಮೋಟರು ಸುಟ್ಟರೆ ಮುಂದಿನ ಭಾನುವಾರ ಬಚ್ಚಲು ಕಟ್ಟುತ್ತಿತ್ತು. ಕುರುಗೋಡು ಬಸ್ಸಿನ ಕಂಡಕ್ಟರು ಟಿಕೆಟ್ಟಿಗಿಂತ ಮೊದಲು ನನ್ನ ಪೈಪುಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ಕೊಳ್ಳುವಾಗ ಬಾಗಿಲು ಯಾವ ದಿಕ್ಕಿಗಿದೆ ಎಂದು ಕಂಡಕಂಡವರನ್ನು ಕೇಳಿದ್ದೆ. ಮಾಳಿಗೆಯ ನೀರು ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಬಾಡಿಗೆಗೆ ಬಂದವಳು ಸಾವಿತ್ರಿ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಗಂಡ ಕುಡತಿನಿಯ ಕಡೆ ಲಾರಿ ಓಡಿಸುತ್ತಿದ್ದ. ಜೊತೆಗೆ ಅತ್ತೆ ಈರಮ್ಮ. ನಲ್ಲಿ ಸೋರಿದರೆ ತಾನೇ ವಾಷರ್ ತಂದು ಹಾಕುವ, ಗೋಡೆಗೆ ಮೊಳೆ ಹೊಡೆಯುವ ಮುಂಚೆ ಫೋನ್ ಮಾಡುವ ಇಂಥ ಬಾಡಿಗೆದಾರಳು ಪುಣ್ಯ ಮಾಡಿದವರಿಗೆ ಸಿಗುತ್ತಾಳೆ. ಶಿವರಾತ್ರಿ ಕಳೆದ ಮೇಲೆ ಅವಳು ಒಂದೇ ಒಂದು ಕೇಳಿದಳು.

"ಮಾಳಗಿ ಚಾವಿ ಕೊಡ್ರಿ ಸರ್. ನಮ್ಮತ್ತಿ ಸಿರುಗುಪ್ಪದಾಗ ಬಯಲಾಗ ಮಲಗಿದಾಕಿ. ಒಳಗ ಮಲಗಿದ್ರ ಉಸಿರು ಕಟ್ಟತೈತಿ ಅಂತಾಳ. ನಿನ್ನಿ ಎದ್ದು ಕುಂತು ಅತ್ತಳ್ರಿ."

ಮೇಲೆ ಆಗಷ್ಟೇ ನೀರು ಇಳಿಯದಂಥ ಬಣ್ಣ ಬಳಿಸಿದ್ದೆ. ಅದರ ಮೇಲೆ ಮಂಚದ ಕಾಲು, ಕೊಡ, ಕೊಳಗ! ನನ್ನ ಬಾಯಿ ತಾನಾಗಿಯೇ ತೆರೆಯಿತು: "ಮಂದಿ ಅಡ್ಡಾಡಿದ್ರ ಮಾಳಗಿ ಸೋರತೈತಮ್ಮ."

ಜೊತೆಗೆ ಬಂದಿದ್ದ ನನ್ನ ಹೆಂಡತಿ ವಾಪಸ್ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ ಕೂತಿದ್ದಳು. ಕುರುಗೋಡಿನಲ್ಲಿ ಇಳಿಯುವಾಗ, "ವಿರುಪಣ್ಣಾರ ಹೋಳಿಗಿ ನಿಮಗ ಭಾಳ ಮೈಗೆ ಹತ್ಯಾವ ನೋಡ್ರಿ" ಎಂದಳು.

ಯುಗಾದಿಗೆ ಮುಂಚೆಯೇ ಸಾವಿತ್ರಿ ಮನೆ ಖಾಲಿ ಮಾಡಿದಳು. ಗುಡಿಸಿ, ಒರೆಸಿ, ಚಾವಿ ಕೊಟ್ಟು ಹೋದಳು. ಬೇಸಿಗೆಯಿಡೀ ಮನೆ ಖಾಲಿ ಬಿತ್ತು. ಮಾಳಿಗೆಯಂತೂ ಭದ್ರವಾಗಿತ್ತು, ಕಾಗೆಗಳನ್ನು ಬಿಟ್ಟರೆ ಯಾರೂ ಅಡ್ಡಾಡಲಿಲ್ಲ. ಮೊದಲ ಮಳೆಗೇ ಪಕ್ಕದ ಮನೆಯವರ ಫೋನು: "ನಿಮ್ಮ ಬಾಗಲ ಸಂದ್ಯಾಗಿಂದ ನೀರು ಬರಾಕತ್ತೈತ್ರಿ."

ಓಡಿಹೋಗಿ ಮೇಲಿನ ಬೀಗ ತೆಗೆದರೆ ಮಾಳಿಗೆ ಕೆರೆಯಾಗಿ, ನೀರು ಮೆಟ್ಟಿಲಿಳಿದು ಹರಿಯುತ್ತಿತ್ತು. ನೀರು ಇಳಿಯುವ ಪೈಪಿನ ಬಾಯಿಗೆ ಬೇವಿನೆಲೆ, ಧೂಳು, ಯಾರದೋ ಗಾಳಿಪಟದ ದಾರ ಸೇರಿ ಬಿರಡೆ ಬಿದ್ದಿತ್ತು. ಕೈಹಾಕಿ ಒಂದು ಹಿಡಿ ಎಳೆದೆ. ಗಟಗಟನೆ ನೀರು ಇಳಿದುಹೋಯಿತು. ನನ್ನ ಹೆಂಡತಿ ಸೀರೆ ಎತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮಲಗೋರು ಇದ್ದಿದ್ರ ದಿನಾ ಕಸ ಹೊಡದು ನೀರು ಹಾಕ್ತಿದ್ರು" ಎಂದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ.

ಸಾವಿತ್ರಿಯ ಹೊಸ ಮನೆ ಹುಡುಕಿಕೊಂಡು ಹೋದೆ. ಈರಮ್ಮ ಹೊಸ್ತಿಲಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಮುಖ ಸಣ್ಣಗಾಗಿತ್ತು. "ಈ ಮನಿ ಮಾಲಕ್ರು ಮಾಳಗಿ ಚಾವಿ ಕೊಟ್ಟಾರ್ರಿ ಸರ್, ಮೆಟ್ಲು ಕೊಟ್ಟಿಲ್ಲ" ಎಂದು ಸಾವಿತ್ರಿ ಗೋಡೆಗೆ ಆನಿಸಿದ್ದ ಕಬ್ಬಿಣದ ಏಣಿ ತೋರಿಸಿದಳು. ನಾನು ಜೇಬಿನಿಂದ ನಮ್ಮ ಮಾಳಿಗೆಯ ಚಾವಿ ತೆಗೆದು ಮುದುಕಿಯ ಕೈಗೇ ಇಟ್ಟೆ. "ವಾಪಸ್ ಬರ್ರಿ" ಎನ್ನುವುದಕ್ಕೆ ಇದ್ದಬದ್ದ ಮಾಲೀಕತನವೆಲ್ಲ ಖರ್ಚಾಯಿತು. ಮುಂದಿನ ವಾರವೇ ಅವರು ವಾಪಸ್ ಬಂದರು.

ಈ ಜ್ಞಾನವನ್ನು ವಿರುಪಣ್ಣನವರಿಗೂ ಹಂಚಿದೆ. ಅವರು, "ಚಾವಿ ಎಂದೋ ಕಳದೈತ್ರಿ. ಬೀಗ ಒಡಸಾಕ ಮನಸು ಬರಲಿಲ್ಲ" ಎಂದರು.

ಹಾಗಾಗಿ ಈ ಬೇಸಿಗೆಯಲ್ಲಿ ಸಾವಿತ್ರಿ ಪ್ರತಿ ಶನಿವಾರ ಫೋನ್ ಮಾಡುತ್ತಾಳೆ: "ನೀರು ಹೊಡದೀವಿ ಸರ್, ಅಮ್ಮಾರ್ನ ಕರಕೊಂಡು ಮಲಗಾಕ ಬರ್ರಿ." ನಾವು ಚಾಪೆ, ದಿಂಬು ಕಟ್ಟಿಕೊಂಡು ಬಸ್ಸು ಹತ್ತುತ್ತೇವೆ. ಇವತ್ತೂ ಬಂದಿದ್ದೇವೆ. ಹಸಿ ಮಾಳಿಗೆಯ ಆ ವಾಸನೆ ಇನ್ನೂ ಆರಿಲ್ಲ. ಪೈಪಿನ ಪಕ್ಕ ಒಳ್ಳೆಯ ಗಾಳಿ ಇದೆಯೆಂದು ಅಲ್ಲಿ ಚಾಪೆ ಬಿಚ್ಚಿದೆ.

"ಅಲ್ಲಿ ಬ್ಯಾಡಪ್ಪಾ" ಎಂದಳು ಈರಮ್ಮ, "ಅದು ನನ್ನ ಜಾಗ."

ನಾನು ದಿಂಬು ಎತ್ತಿಕೊಂಡು ಈಚೆ ಬಂದೆ.