ಹರಕೆಯಿಲ್ಲದ ನಡಿಗೆ

ಎಂಬತ್ತರ ದಶಕದ ಆರಂಭದ ಒಂದು ದಸರಾ ರಜೆಯಲ್ಲಿ ನಾನು ಬೆಂಗಳೂರಿನ ಮತ್ತಿಕೆರೆಯಿಂದ ನಂದಿಬೆಟ್ಟಕ್ಕೆ ಒಬ್ಬಳೇ ನಡೆದು ಹೋದೆ. ಆಗ ನಾನು ಮೂವತ್ತು ದಾಟಿದ, ಮದುವೆಯಾಗದ ಸ್ಕೂಲ್ ಟೀಚರ್. ಅಣ್ಣ ಅತ್ತಿಗೆಯ ಜೊತೆ ಇದ್ದೆ. ನೇರ ದಾರಿ ಬಿಟ್ಟು ಯಲಹಂಕ, ದೊಡ್ಡಬಳ್ಳಾಪುರ, ಘಾಟಿ ಸುಬ್ರಹ್ಮಣ್ಯದ ಮೇಲೆ ಸುತ್ತಿಕೊಂಡು ಹೋಗುವುದೆಂದು ತೀರ್ಮಾನಿಸಿದ್ದೆ. ಆ ಕಡೆ ತಂಗಲು ಪರಿಚಯದವರ ಮನೆಗಳಿದ್ದವು, ಛತ್ರವಿತ್ತು.

"ಬಸ್ ಇದ್ಯಲ್ಲ, ಯಾಕೆ ನಡೀಬೇಕು?" ಎಂದು ಅಣ್ಣ ಕೇಳಿದ.

"ನಡೀಬೇಕು ಅನ್ನಿಸ್ತಿದೆ," ಎಂದೆ.

ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಮಿಲಿಟರಿ ಬೆನ್ನುಚೀಲದಲ್ಲಿ ಸೀರೆಗಳು, ಜಮಖಾನ, ಅವಲಕ್ಕಿ, ಸಾಲದ್ದಕ್ಕೆ ಸೀಮೆಎಣ್ಣೆ ಸ್ಟವ್ವನ್ನೂ ತುಂಬಿದ್ದೆ. ಹೆಬ್ಬಾಳದ ಕೆರೆ ದಾಟುವ ಹೊತ್ತಿಗೆ ಪಟ್ಟಿ ಭುಜ ಕೊಯ್ಯುತ್ತಿತ್ತು. ಹೊಸ ಕ್ಯಾನ್ವಾಸ್ ಶೂ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತ್ತು. ಯಲಹಂಕದಲ್ಲಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಉಳಿದು, ಸ್ಟವ್ವನ್ನೂ ಶೂಗಳನ್ನೂ ಅಲ್ಲೇ ಬಿಟ್ಟು, ಬೆಳಿಗ್ಗೆ ಚಪ್ಪಲಿಯಲ್ಲಿ ಹೊರಟೆ.

ರಾಜಾನುಕುಂಟೆಯ ಟೀ ಅಂಗಡಿಯ ಮುಂದೆ ಹಿರಿಯರೊಬ್ಬರು ತಡೆದರು.

"ಎಲ್ಲಿಗವ್ವ ಒಬ್ಳೇ?"

"ನಂದಿಗೆ."

"ನಡ್ಕೊಂಡಾ? ಮನೇಲಿ ಜಗಳ ಆಡ್ಕೊಂಡ್ ಬಂದಿದೀಯಾ?"

ಇಲ್ಲವೆಂದಷ್ಟೂ ಅವರ ಅನುಮಾನ ಬಲವಾಯಿತು. ಬೆಂಗಳೂರಿನ ಕಡೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು, "ಈಯಮ್ಮನ್ನ ಉಸಾರಾಗಿ ಕರ್ಕೊಂಡೋಗಪ್ಪ," ಎಂದು ಕಂಡಕ್ಟರಿಗೆ ಹೇಳಿದರು. ಸುತ್ತ ಜನ ಸೇರಿದ್ದರು. ನಾಚಿಕೆಗೆ ಬಸ್ ಹತ್ತಿಯೇಬಿಟ್ಟೆ.

ಯಲಹಂಕದಲ್ಲಿ ಇಳಿದು, ಒಂದು ಕಟ್ಟೆಯ ಮೇಲೆ ಕೂತು ಸ್ವಲ್ಪ ಅತ್ತೆ. ಮನೆಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದು ಹೊರಟುಹೋದ ಮೇಲೆ ಎದ್ದು, ಬಂದ ದಾರಿಯನ್ನೇ ಮತ್ತೆ ನಡೆದೆ. ಈ ಸಲ ಕೇಳಿದವರಿಗೆಲ್ಲ "ಘಾಟಿಗೆ ಹರಕೆ" ಎಂದೆ. ಯಾರೂ ತಡೆಯಲಿಲ್ಲ. ಮಜ್ಜಿಗೆ ಕೊಟ್ಟರು, ನೆರಳಲ್ಲಿ ಚಾಪೆ ಹಾಸಿಕೊಟ್ಟರು, ಒಬ್ಬಾಕೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಲು ಬಂದಾಗ ಹಿಂದೆ ಸರಿದೆ.

ದೊಡ್ಡಬಳ್ಳಾಪುರ ದಾಟಿದ ಮರುದಿನ, ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಜೊತೆಯಾದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು.

"ಏನ್ ಅರಕೆ ಅಕ್ಕಾ? ಮಕ್ಳಿಗಾ?"

ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹರಕೆ ಏನಿಲ್ಲಮ್ಮ. ಸುಮ್ನೆ ನಡೀತಿದೀನಿ."

ಅವಳು ನಗಲಿಲ್ಲ. "ಮದ್ವೆಯಾಗ್ ಬಂದ್ಮೇಲೆ ಆ ತಿರುವಿನ್ ತಂಕ ಓಗಿದೀನಿ, ಅಷ್ಟೇಯ. ಅದ್ರಾಚೆ ಏನೈತೆ ಅಂತ ನೋಡ್ಬೇಕು ಅನ್ಸತ್ತೆ."

"ಬನ್ನಿ ಮತ್ತೆ."

ಹೊರೆಯನ್ನು ಬೇಲಿಗೆ ಒರಗಿಸಿ ಬಂದಳು. ತಿರುವಿನಾಚೆ ಒಂದು ಸಣ್ಣ ಕುಂಟೆ, ರಾಗಿ ಹೊಲ, ದೂರದಲ್ಲಿ ಬೆಟ್ಟಸಾಲು. ಇಬ್ಬರೂ ಕುಂಟೆಯ ದಡದಲ್ಲಿ ಕೂತು ಅವಲಕ್ಕಿ ತಿಂದೆವು. "ಅಸ ಕಾಯ್ತಿರ್ತದೆ," ಎಂದು ಎದ್ದಳು. ಎರಡು ಸಲ ಹಿಂತಿರುಗಿ ನೋಡಿದಳು.

ಘಾಟಿಯ ಛತ್ರದಲ್ಲಿ ತಂಗಿ, ಮಾರನೆಯ ದಿನ ನಂದಿಯ ತಪ್ಪಲು ಸೇರಿ, ಅದರ ಮರುದಿನ ಮೆಟ್ಟಿಲು ಹತ್ತಿದೆ. ಮೇಲೆ ದಟ್ಟ ಮಂಜು, ಏನೂ ಕಾಣಲಿಲ್ಲ. ಬೇಸರವೇನೂ ಆಗಲಿಲ್ಲ. ಬಿಸಿ ಕಾಫಿ ಕುಡಿದು, ಇಳಿಯಲು ಬಸ್ ಹಿಡಿದೆ.

ಆಮೇಲೆ ಹಲವು ರಜೆಗಳಲ್ಲಿ ಒಬ್ಬಳೇ ನಡೆದಿದ್ದೇನೆ, ಶಿವಗಂಗೆಗೆ, ಮಾಗಡಿಗೆ. ಚೀಲ ಪ್ರತಿಸಲ ಹಗುರವಾಗುತ್ತ ಬಂತು. ಹರಕೆಯ ಮಾತು ಬಿಟ್ಟೆ. ಕೇಳಿದವರಿಗೆ ಸುಮ್ಮನೆ ನಡೆಯುತ್ತಿದ್ದೇನೆ ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಕೂತುಕೊಳ್ಳಿ ಎನ್ನುತ್ತಾರೆ.