ಪಾನಾ ಸಿಗೋತನಕ ಗಾಡಿ ಬಿಡೂದಿಲ್ಲ

ಯುದ್ಧ ಮುಗಿದ ಮರುವರ್ಷ ತಗಡಿನ ಟ್ರಂಕು ಹೊತ್ತುಕೊಂಡು ರಾಯಚೂರು ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಇಪ್ಪತ್ತಾರು ವರ್ಷ. ಅದರಲ್ಲಿ ನಾಲ್ಕು ವರ್ಷ ಯುದ್ಧವಿಮಾನಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಕಳೆದಿದ್ದೆ. ಮನೆಗೆ ಬಂದ ನೆಂಟರು ಕೇಳಿದ್ದು ಒಂದೇ ಮಾತು: “ಹಾರಿ ಬಂದೀಯೇನು?” ಇಲ್ಲ, ಹಾರುವವರ ಎಂಜಿನ್ ಸರಿಮಾಡಿದೆ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಅವ್ವ ನನ್ನ ತಲೆಯ ಹಿಂದೆ ಕೈಯಾಡಿಸಿ, ಜುಟ್ಟು ಇಲ್ಲದ್ದು ಕಂಡು ಕಣ್ಣೀರು ಹಾಕಿದಳು. ಅಪ್ಪ ಅಳಲಿಲ್ಲ, ಬೈಯಲೂ ಇಲ್ಲ. ಪಂಚಗವ್ಯ ಕುಡಿಸಿ, ಜನಿವಾರ ಬದಲಿಸಿ, ಮೂರನೆಯ ದಿನ ಬೆಳಿಗ್ಗೆ ಸುದ್ದಿ ತಿಳಿಸಿದರು: ಮಾನ್ವಿ ಶಾಲೆಯಲ್ಲಿ ಗಣಿತ ಕಲಿಸುವ ಜಾಗ ಖಾಲಿ ಇದೆ, ತಾವು ಮಾತಾಡಿ ಇಟ್ಟಿದ್ದಾರೆ.

ನಮ್ಮದು ಮೂರು ತಲೆಮಾರಿನಿಂದ ಮಾಸ್ತರರ ಮನೆತನ. ಬೆಳಿಗ್ಗೆ ಮಠದ ಪೂಜೆ, ಹನ್ನೊಂದಕ್ಕೆ ಶಾಲೆ. ಅಪ್ಪ ಮಾನ್ವಿಯಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿ ರಾಯಚೂರಿಗೆ ವರ್ಗವಾಗಿ ಬಂದವರು. ಅವರ ಛಡಿಯೇಟಿನ ಸವಿ ಉಂಡವರು ತಾಲೂಕಿನ ತುಂಬ ಇದ್ದರು. ತಪ್ಪು ಲೆಕ್ಕಕ್ಕೆ ಒಂದು ಏಟು, ತಪ್ಪನ್ನು ಅಳಿಸಿ ಮುಚ್ಚಿಟ್ಟರೆ ಎರಡು. ಆದರೂ ಹುಡುಗರು ಅಳಿಸಿಯೇ ತೀರುತ್ತಿದ್ದರು, ನಾನೂ ಅಳಿಸುತ್ತಿದ್ದೆ. ಸಿಕ್ಕಿಬೀಳದಿದ್ದರೆ ಒಂದೂ ಇಲ್ಲವಲ್ಲ!

“ನಾ ಮಾಸ್ತರಿಕಿ ಮಾಡೂದಿಲ್ಲ,” ಎಂದೆ.

“ಮತ್ತೇನು ಎಣ್ಣಿ ಕೈಲೇ ತಿರಗತೀ?”

“ಹೂಂ, ಎಣ್ಣಿ ಕೈಲೇ ತಿರಗತೀನಿ.”

ಎತ್ತು ಏರಿಗೆ, ಕೋಣ ನೀರಿಗೆ. ಯಾರು ಎತ್ತು, ಯಾರು ಕೋಣ ಎಂಬುದನ್ನು ಓದುವವರಿಗೇ ಬಿಟ್ಟಿದ್ದೇನೆ.

ಸ್ಟೇಷನ್ನಿಗೆ ಹತ್ತಿರ ಒಬ್ಬ ಸಾವ್ಕಾರನ ಮೋಟಾರು ಷೆಡ್ಡಿತ್ತು, ಅಲ್ಲಿ ಮಿಸ್ತ್ರಿಯಾಗಿ ಸೇರಿದೆ. ಬಸ್ಸಿಗೆ ನಮ್ಮ ಕಡೆ ಆಗ ಮೋಟಾರು ಎಂದೇ ಹೆಸರು. ಎರಡು ಮೋಟಾರು: ಒಂದು ಮಾನ್ವಿಗೆ, ಇನ್ನೊಂದು ಗಬ್ಬೂರಿನ ಮೇಲೆ ದೇವದುರ್ಗಕ್ಕೆ. ಪೆಟ್ರೋಲು ಸಿಗದ ಕಾಲವಾದ್ದರಿಂದ ಎರಡರ ಬೆನ್ನಿಗೂ ಇದ್ದಿಲ ಗ್ಯಾಸಿನ ದೊಡ್ಡ ಡಬ್ಬಿ ಕಟ್ಟಿತ್ತು. ಮೋಟಾರು ಹೊರಡುವ ಮುಂಚೆ ಅರ್ಧ ಗಂಟೆ ಒಲೆ ಊದಿದಂತೆ ಅದನ್ನು ಊದಬೇಕು. ಷೆಡ್ಡಿನ ಹಳೆಯ ಮಿಸ್ತ್ರಿಯನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಎಂಜಿನ್ನಿಗೆ ಒಂದು ಸಲಾಕೆ ಹಚ್ಚಿ, ಇನ್ನೊಂದು ತುದಿಗೆ ಕಿವಿಯಿಟ್ಟು ರೋಗ ಹೇಳುತ್ತಿದ್ದ, ಅದು ಸುಳ್ಳಾಗುತ್ತಿರಲಿಲ್ಲ. ಅಂಥ ಕಿವಿಯನ್ನು ನಾನು ವಿಮಾನಖಾತೆಯಲ್ಲೂ ಕಂಡಿರಲಿಲ್ಲ.

ಚಾಚಾನ ಒಂದೇ ದೋಷವೆಂದರೆ, ಸಾಮಾನು ಎಲ್ಲೆಂದರಲ್ಲಿ ಬಿಡುವುದು. ನಾನು ಸೇರಿದ ವಾರವೇ ಒಂದು ಹಲಗೆಯ ಮೇಲೆ ಪ್ರತಿ ಪಾನಾ, ಪ್ರತಿ ಇಕ್ಕಳ, ಪ್ರತಿ ಸುತ್ತಿಗೆಯನ್ನೂ ಇಟ್ಟು, ಸುತ್ತ ಬಿಳಿ ಬಣ್ಣದ ಗೆರೆ ಎಳೆದು, ಮೊಳೆ ಹೊಡೆದು ತೂಗುಹಾಕಿದೆ. ನಟ್ಟು ತಿರುಗಿಸುವ ಪಾನಾ ಒಂದು ಹೋದರೂ ಅದರ ಖಾಲಿ ಗೆರೆ ಕಣ್ಣಿಗೆ ಹೊಡೆಯಬೇಕು. ಚಾಚಾ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. “ಅರೆ ಭಾಯ್, ಪಾನಾಕ್ಕ ಫೋಟೋ ಹಾಕಿ ಹಾರ ಹಾಕ್ತೀಯೇನು?”

ಅವನಿಗೆ ಹೇಗೆ ಹೇಳುವುದು! ವಿಮಾನದಲ್ಲಿ ಒಂದು ಪಾನಾ ಮರೆತರೆ ಅದು ಎಲ್ಲೋ ಒಂದು ತಂತಿಗೆ ಅಡ್ಡಬಿದ್ದು ಮೇಲಿದ್ದವನ ಪ್ರಾಣ ತೆಗೆಯಬಹುದು. ಆದ್ದರಿಂದ ಅಲ್ಲಿ ಒಂದು ಕಟ್ಟಳೆ ಇತ್ತು. ಸಾಮಾನು ಎಣಿಸಿ ಕಡಿಮೆ ಬಿದ್ದರೆ ವಿಮಾನ ಏಳುವುದಿಲ್ಲ. ಕಳೆದವನು ತಾನೇ ಮುಂದೆ ಬಂದು “ನನ್ನ ಕೈಯಿಂದ ಕಳೆದಿದೆ” ಎಂದು ಎಲ್ಲರೆದುರು ಹೇಳಬೇಕು. ಹಾಗೆ ಹೇಳಿದವನಿಗೆ ಶಿಕ್ಷೆಯಿಲ್ಲ. ನಮ್ಮ ಮೇಲಿನ ಗೋರಾ ಸಾರ್ಜೆಂಟ್ ಬೂಟಿಗೆ ಪಾಲಿಶ್ ಇಲ್ಲದ್ದಕ್ಕೆ ತಾಯಿ ತಂದೆಯನ್ನೆಲ್ಲ ಎಳೆದು ಬೈಯುವ ಪ್ರಾಣಿ. ಅಂಥವನೂ ಈ ಮಾತು ಕೇಳಿದೊಡನೆ ಬಾಯಿ ಮುಚ್ಚಿ, ಬ್ಯಾಟರಿ ಹಿಡಿದು ನಮ್ಮ ಜೊತೆ ನೆಲದ ಮೇಲೆ ಮಲಗಿ ಹುಡುಕುತ್ತಿದ್ದ. ಗೋರಾಗಳಿಂದ ನಾನು ಕಲಿತದ್ದು ಬಹಳವಿಲ್ಲ, ಕಲಿಯಬಾರದ್ದೇ ಹೆಚ್ಚು ಕಂಡೆ. ಇದೊಂದನ್ನು ಮಾತ್ರ ಬಿಡಲಿಲ್ಲ.

ಒಂದು ಸಂಜೆ ದೇವದುರ್ಗದ ಮೋಟಾರಿನ ಬ್ರೇಕಿನ ಸಲಾಕೆ ಬಿಗಿಮಾಡುತ್ತಿದ್ದೆ. ಅಷ್ಟರಲ್ಲಿ ಮನೆಯಿಂದ ಕರೆ ಬಂತು: ಶಾಲಾ ಇನ್‌ಸ್ಪೆಕ್ಟರರು ಮನೆಗೆ ಬಂದಿದ್ದಾರೆ, ನಿನ್ನನ್ನು ನೋಡಬೇಕಂತೆ. ಕೆಲಸವನ್ನೇನೋ ಮುಗಿಸಿದೆ, ಆದರೆ ಸಾಮಾನು ಎಣಿಸದೆ ಓಡಿದೆ. ವಿಮಾನಖಾತೆ ಸೇರಿದಂದಿನಿಂದ ಎಣಿಸದೆ ಎದ್ದದ್ದು ಅದೇ ಮೊದಲು. ಇನ್‌ಸ್ಪೆಕ್ಟರರ ಮುಂದೆ ಕೂತು ಉಪ್ಪಿಟ್ಟು ತಿಂದೆ. ಸೋಮವಾರದೊಳಗೆ ಒಪ್ಪಿಗೆ ಕೊಡಬೇಕು ಎಂದು ಹೇಳಿ ಅವರು ಹೋದರು.

ಮರುದಿನ ಬೆಳಿಗ್ಗೆ ಷೆಡ್ಡಿಗೆ ಬಂದಾಗ ದೇವದುರ್ಗದ ಮೋಟಾರು ತುಂಬಿತ್ತು. ಮುಂದಿನ ಸೀಟಿನಲ್ಲಿ ಅಪ್ಪ. ಗಬ್ಬೂರಿನಲ್ಲಿ ನೆಂಟರ ಮನೆಯ ಮುಂಜಿವೆ, ಹತ್ತೂವರೆಗೆ ಮುಹೂರ್ತ. ಹಲಗೆಯತ್ತ ನೋಡಿದೆ. ಮುಕ್ಕಾಲಿಂಚಿನ ಪಾನಾದ ಗೆರೆಯೊಳಗೆ ಏನೂ ಇರಲಿಲ್ಲ. ಚಾಚಾನನ್ನು ಕೇಳಿದೆ, ಡಬ್ಬಿಯನ್ನೆಲ್ಲ ಬೋರಲು ಹಾಕಿದೆ. ಎಲ್ಲೂ ಇಲ್ಲ. ಮೋಟಾರಿನ ಮುಂದೆ ಬಂದು, ಎಂಜಿನ್ ತಿರುಗಿಸುವ ಹ್ಯಾಂಡಲನ್ನು ಕಿತ್ತು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಹೇಳಿದೆ:

“ಎಲ್ಲಾರೂ ಇಳೀರಿ. ನಿನ್ನಿ ಕೆಲಸ ಮಾಡುವಾಗ ನನ್ನ ಪಾನಾ ಇದರಾಗ ಬಿಟ್ಟೀನಿ. ತಪ್ಪು ನಂದು. ಪಾನಾ ಸಿಗೋತನಕ ಗಾಡಿ ಬಿಡೂದಿಲ್ಲ.”

ಒಬ್ಬಳು ಮುದುಕಿ ಕೋಳಿಬುಟ್ಟಿ ಎದೆಗವಚಿಕೊಂಡು, “ಯಪ್ಪಾ, ಸಾಯಿಸ್ತೀರೇನು ನಮ್ಮನ್ನ!” ಎಂದು ಇಳಿದಳು. ಹಿಂದೆಯೇ ಗದ್ದಲ. ಸಾವ್ಕಾರ ಓಡಿ ಬಂದು ನನ್ನ ರಟ್ಟೆ ಹಿಡಿದು ಕಿವಿಯಲ್ಲಿ ಗುಸುಗುಟ್ಟಿದ: “ಲೇ, ಇದ್ದಿಲು ಹತ್ತಿಲ್ಲ ಅನ್ನು, ನೀರು ಹಾಕಬೇಕು ಅನ್ನು. ತಪ್ಪು ನಂದು ಅಂತ ಊರ ಮುಂದ ಯಾಕ ಒದರಾಕತ್ತೀ?”

“ತಪ್ಪು ನಂದ ಅದರೀ, ಮತ್ತೇನನ್ಲಿ?”

“ಆಚಾರ್ರ,” ಸಾವ್ಕಾರ ಅಪ್ಪನ ಕಡೆ ತಿರುಗಿದ. “ನಿಮ್ಮ ಮಗಗ ನೀವರ ಬುದ್ಧಿ ಹೇಳ್ರಿ!”

ಅಪ್ಪ ಚೀಲ ಹಿಡಿದು ಕೆಳಗಿಳಿದು, ದೂರ ಹೋಗಿ ಗೋಡೆ ಕಡೆ ಮುಖಮಾಡಿ ನಿಂತರು. ನಾಚಿಕೆಯಾಯಿತೇ ಎಂದರೆ ಆಯಿತು, ಏಕೆ ಸುಳ್ಳು ಹೇಳಲಿ. ಆದರೂ ಹ್ಯಾಂಡಲ್ ಕೊಡಲಿಲ್ಲ. ಚಾಚಾ ಇಷ್ಟು ಹೊತ್ತು ಬೀಡಿ ಸೇದುತ್ತ ನಿಂತಿದ್ದವನು, ಬೀಡಿ ಬಿಸಾಕಿ ಮೋಟಾರಿನ ಕೆಳಗೆ ತೂರಿದ. ನಾನು ಡ್ರೈವರನ ಕಾಲಡಿಯ ಹಲಗೆ ಎಬ್ಬಿಸಿದೆ.

ಪಾನಾ ಅಲ್ಲೇ ಇತ್ತು, ಬ್ರೇಕಿನ ಸಲಾಕೆಯ ಕೀಲಿನ ಮೇಲೆ ಅಡ್ಡಲಾಗಿ.

ಅದು ಏನಾದರೂ ಮಾಡುತ್ತಿತ್ತೇ? ಮೊದಲ ಹಳ್ಳದ ಕುಲುಕಾಟಕ್ಕೇ ಕೆಳಗೆ ಬಿದ್ದುಹೋಗುತ್ತಿತ್ತು ಎಂದು ಸಾವ್ಕಾರ ಅಂದ. ಇರಬಹುದು. ಸಿಕ್ಕಿಕೊಂಡು ಬ್ರೇಕು ಒತ್ತಲು ಬಾರದೆ ಹೋಗುತ್ತಿತ್ತು ಎಂದು ನಾನಂದೆ. ಅದೂ ಇರಬಹುದು. ಅಂತೂ ಆ ಬೆಳಿಗ್ಗೆ ರಾಯಚೂರಿನಿಂದ ಹೊರಟ ವಾಹನಗಳಲ್ಲೆಲ್ಲ ನಿರಪಾಯವಾದದ್ದು ಅದೊಂದೇ, ಹತ್ತಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ! ಕೊನೆಗೆ ಅಪ್ಪನೇ ನನ್ನ ಮುಖ ನೋಡದೆ ಮೊದಲು ಹತ್ತಿ ಕುಳಿತರು. ಅವರನ್ನು ನೋಡಿ ಅರ್ಧ ಜನ ಹತ್ತಿದರು. ಉಳಿದ ಅರ್ಧ ಎತ್ತಿನ ಬಂಡಿ ಹುಡುಕಿಕೊಂಡು ಹೋಯಿತು. ಮೋಟಾರು ಕಣ್ಮರೆಯಾದದ್ದೇ ತಡ, ಸಾವ್ಕಾರ ನನ್ನನ್ನು ಕೆಲಸದಿಂದ ಬಿಡಿಸಿದ.

“ಪಾನಾ ಬಿಟ್ಟಿದ್ದಕ್ಕೇನ್ರಿ?” ಎಂದು ಕೇಳಿದೆ.

“ಅದನ್ನ ಎಲ್ಲಾರೂ ಬಿಡ್ತಾರ. ಹೇಳಿದ್ದಕ್ಕ.”

ಅಪ್ಪ ಮರುದಿನ ಮಧ್ಯಾಹ್ನ ಗಬ್ಬೂರಿನಿಂದ ಬಂದರು. ಸುದ್ದಿ ಅದೇ ಮೋಟಾರಿನಲ್ಲಿ ಮುಂಜಿವೆ ಮನೆ ಮುಟ್ಟಿ, ಪಂಕ್ತಿಯಲ್ಲಿ ಹೋಳಿಗೆಯ ಜೊತೆ ಬಡಿಸಿಯೂ ಆಗಿತ್ತಂತೆ. ಕಾಲು ತೊಳೆದು ಬಂದು ಮಣೆಯ ಮೇಲೆ ಕೂತರು.

“ಎಲ್ಲಾರ ಮುಂದ ಯಾಕ ಹೇಳಿದಿ? ನನಗೊಬ್ಬಗ ಕಣ್ಸನ್ನಿ ಮಾಡಿದ್ರ ನಾ ಸುಮ್ಮನ ಇಳೀತಿದ್ದೆ.”

ನನಗೆ ತಡೆಯಲಾಗಲಿಲ್ಲ. “ಮತ್ತ ಆ ಕೋಳಿಬುಟ್ಟಿ ಮುದುಕಿ, ಅಪ್ಪಾ? ಆಕಿಗೆ ಯಾರು ಕಣ್ಸನ್ನಿ ಮಾಡಬೇಕಿತ್ತು?”

ಹಾಗೆ ಎದುರಾಡಿದ್ದು ಅದೇ ಮೊದಲು. ಅವ್ವ ಒಳಗಿನಿಂದ ಹೊರಬಂದು ನಿಂತಳು. ಅಪ್ಪ ಕೈಯೆತ್ತುತ್ತಾರೆ ಅಂದುಕೊಂಡೆ. ಎತ್ತಲಿಲ್ಲ. ಎದ್ದು ಒಳಗೆ ಹೋದರು. ಎರಡು ದಿನ ನನ್ನೊಡನೆ ಮಾತಿಲ್ಲ. ಊಟಕ್ಕೆ ಕೂತಾಗ ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿಬಿಡುವರು. ನಾನೂ ಹಟ ಬಿಡಲಿಲ್ಲ. ಮಾನ್ವಿಯಲ್ಲಿ ರಸ್ತೆಬದಿಗೆ ಒಂದು ಗುಡಿಸಲು ಹಾಕಿ ನನ್ನದೇ ಷೆಡ್ಡು ತೆರೆಯುತ್ತೇನೆ, ಮಾಸ್ತರಿಕೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಅವ್ವನ ಮೂಲಕ ತಿಳಿಸಿದೆ.

ಭಾನುವಾರ ಸಂಜೆ ಅಪ್ಪ ತುಳಸಿಕಟ್ಟೆಯ ಹತ್ತಿರ ಕರೆದರು.

“ಹಿರೇಕೊಟ್ನೆಕಲ್ಲಿನ ಹುಡುಗ ಒಬ್ಬ ನನ್ನ ಹತ್ರ ಕಲೀತಿದ್ದ. ಲೆಕ್ಕದಾಗ ಭಾಳ ಚುರುಕು. ವಾರ್ಷಿಕ ಪರೀಕ್ಷಾದಾಗ ಮಾರ್ಕು ಕೂಡಸೂವಾಗ ನಾ ತಪ್ಪಿದೆ. ಫೇಲಾದ. ಅವರಪ್ಪ ಸಾಲಿ ಬಿಡಿಸಿ ಹೊಲಕ್ಕ ಹಚ್ಚಿದ.” ತುಳಸಿಯ ಒಣ ಎಲೆಯೊಂದನ್ನು ಕಿತ್ತು ಹೇಳಿದರು: “ಬ್ಯಾಸಗಿ ಸೂಟಿಯೊಳಗs ನನಗ ಗೊತ್ತಾಗಿತ್ತು. ಹೇಳಲಿಲ್ಲ. ಲೆಕ್ಕದ ಮಾಸ್ತರಗs ಕೂಡಸಾಕ ಬರೂದಿಲ್ಲ ಅಂತಾರಂತ.”

ಒಂದು ತಪ್ಪು ಲೆಕ್ಕಕ್ಕೆ ನನ್ನ ಅಂಗೈ ಕೆಂಪಗೆ ಮಾಡಿದ ಕೈ ಅದು. ಸಿಟ್ಟು ಬಂತು, ಕನಿಕರ ಬಂತು, ಎರಡೂ ಒಟ್ಟಿಗೇ ಬಂದವು.

“ಈಗ ಹೇಳ್ರಿ,” ಎಂದೆ.

“ಹನ್ನೆರಡು ವರ್ಷ ಆತೋ.”

“ಗಾಡಿ ಇನ್ನೂ ನಡದದ ಅಲ್ರಿ, ಅಪ್ಪಾ. ಅವ ಅದರಾಗs ಕುಂತಾನ.”

ಸೋಮವಾರ ಬೆಳಿಗ್ಗೆ ಇಬ್ಬರೂ ಮಾನ್ವಿಗೆ ಹೋದೆವು. ಅಲ್ಲಿ ಶಾಲೆಯ ಮುಂದೆ ಅಪ್ಪ ಒಂದು ಗಳಿಗೆ ನಿಂತರು. ನಾನು ನಿಲ್ಲಲಿಲ್ಲ, ಅವರೇ ಬಂದು ಕೂಡಿಕೊಂಡರು. ಹಿರೇಕೊಟ್ನೆಕಲ್ಲಿಗೆ ಬಂಡಿ ಸಿಕ್ಕಿತು. ದಾರಿಯುದ್ದಕ್ಕೂ ಅಪ್ಪ ಹೆಗಲ ಮೇಲಿನ ಉಪರಣೆಯ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

ಆ ಹುಡುಗ ಈಗ ಮೀಸೆಯ ಗಂಡಸು. ಮನೆಯ ಮುಂದೆ ಕೂತು ಕುಂಟೆಯ ಕಬ್ಬಿಣ ಕೂಡಿಸುತ್ತಿದ್ದ. ಅಪ್ಪನನ್ನು ಕಂಡು ಎದ್ದು, ಕೈ ಒರೆಸಿಕೊಂಡು ದೂರದಿಂದಲೇ ನೆಲ ಮುಟ್ಟಿ ನಮಸ್ಕರಿಸಿದ. ಕಂಬಳಿ ಹಾಸಿದ. ಅಪ್ಪ ಕೂಡಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು, ಅಂಗಳದಲ್ಲಿ ನೆರೆಯವರು ನಾಲ್ಕು ಜನ ಕೇಳುವ ಹಾಗೆ.

ಅವನು ಕುಂಟೆಯ ಕಬ್ಬಿಣವನ್ನು ಎತ್ತಿದ, ಮತ್ತೆ ಕೆಳಗಿಟ್ಟ.

“ನೀ ದಡ್ಡ ಅಂತ ನಮ್ಮಪ್ಪ ಸಾಯೋತನಕ ಅಂದ, ಸರ,” ಎಂದ. “ನಾನೂ ಹಂಗs ತಿಳಕೊಂಡಿದ್ದೆ.”

ಹಾಗೆಂದು ಕುಂಟೆಯ ಮೇಲೆ ಕೂತುಬಿಟ್ಟ. ಕಣ್ಣು ಒರೆಸಿಕೊಂಡು, ಮೊದಲ ಬಾರಿಗೆ ನನ್ನ ಕಡೆ ನೋಡಿದ.

“ಮಾನ್ವಿ ಸಾಲಿಗೆ ನಿಮ್ಮ ಮಗ ಬರ್ತಾರಂತ ಕೇಳಿದ್ದೆ. ಹೊಸಾ ಮಾಸ್ತರು ಇವರs ಏನ್ರಿ?”

“ಅಲ್ಲ,” ಎಂದರು ಅಪ್ಪ. “ಮೋಟಾರ್ ಮಿಸ್ತ್ರಿ ಅದಾನ. ನಿನಗ ಇದನ್ನ ಹೇಳ್ರಿ ಅಂದಾಂವ ಇವನs.”